ಒಟ್ಟಿಗೆ ನಾಲ್ಕು ಕೆಲಸ: ಎಂ.ಎಸ್. ಪೀಡಿತರ ಕಾಣದ ಕಷ್ಟವನ್ನು ಅಳೆಯುವುದು ಹೇಗೆ?



ಬೆಳಿಗ್ಗೆ ಏಳೂವರೆ ಗಂಟೆಯ ಒಂದು ಅಡುಗೆಮನೆಯನ್ನು ಮನಸ್ಸಿಗೆ ತಂದುಕೊಳ್ಳೋಣ. ಒಲೆಯ ಒಂದು ಬದಿಯಲ್ಲಿ ಹಾಲು, ಇನ್ನೊಂದು ಬದಿಯಲ್ಲಿ ದೋಸೆಯ ಕಾವಲಿ. ಮಗನ ಬುತ್ತಿ ಕಟ್ಟಬೇಕು, ಮಗಳ ಜಡೆ ಹೆಣೆಯಬೇಕು, ಅತ್ತೆಯವರಿಗೆ ಮಾತ್ರೆ ಕೊಡಬೇಕು. ಅಷ್ಟರಲ್ಲಿ ಫೋನ್ ಬರುತ್ತದೆ, ಅಂಗಳದಲ್ಲಿ ಮೀನು ಮಾರುವವರು ಕೂಗುತ್ತಾರೆ. ನಮ್ಮ ಕರಾವಳಿಯ ಸಾವಿರಾರು ತಾಯಂದಿರು ಇದನ್ನೆಲ್ಲ ದಿನವೂ ಸದ್ದಿಲ್ಲದೆ ಮಾಡಿ ಮುಗಿಸುತ್ತಾರೆ. ಇದಕ್ಕೊಂದು ಸಾಮರ್ಥ್ಯ ಬೇಕು ಎಂಬುದು ಕೂಡ ಯಾರಿಗೂ ಹೊಳೆಯುವುದಿಲ್ಲ.

ಈಗ ಅದೇ ಅಡುಗೆಮನೆಯಲ್ಲಿ ಹಾಲು ಉಕ್ಕಿ ಹೋಗಿದೆ. ದೋಸೆ ಕರಟಿದೆ. ಅತ್ತೆಯವರ ಮಾತ್ರೆ ಕೊಟ್ಟಾಯಿತೋ ಇಲ್ಲವೋ ಎಂಬುದು ನೆನಪಾಗುತ್ತಿಲ್ಲ. ಒಂದು ದಿನವಲ್ಲ, ವಾರದಲ್ಲಿ ಮೂರು ದಿನ ಹೀಗೆಯೇ. ಮನೆಯವರು ಹೇಳುವುದು ಒಂದೇ ಮಾತು: "ಕೈಕಾಲು ಸರಿಯಾಗಿಯೇ ಇದೆಯಲ್ಲ, ಗಮನ ಇಲ್ಲ ಅಷ್ಟೇ."

ಮನೆ ಭೇಟಿಗೆ ಹೋಗುವ ಧರ್ಮಗುರುಗಳು, ಧರ್ಮಭಗಿನಿಯರು, ವಾಳೆಯ ಗುರಿಕಾರರು ಈ ಮಾತನ್ನು ಒಂದಲ್ಲ ಒಂದು ಮನೆಯಲ್ಲಿ ಕೇಳಿರುತ್ತಾರೆ. ಕೆಲವು ಮನೆಗಳಲ್ಲಿ ಅದು ನಿಜವೂ ಇರಬಹುದು. ಆದರೆ ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂ.ಎಸ್. ಎಂಬ ಕಾಯಿಲೆಯಿರುವ ಮನೆಯಲ್ಲಿ ಅದು ದೊಡ್ಡ ಅನ್ಯಾಯವಾಗಬಹುದು. ಪ್ರತಿ ವರ್ಷ ಮೇ 30ರಂದು ವಿಶ್ವ ಎಂ.ಎಸ್. ದಿನ ಆಚರಿಸಲಾಗುತ್ತದೆ. ಈ ಕಾಯಿಲೆಯವರು ದಿನನಿತ್ಯ ಹಲವು ಕೆಲಸಗಳನ್ನು ಒಟ್ಟಿಗೆ ನಿಭಾಯಿಸಬಲ್ಲರೇ ಎಂಬುದನ್ನು ತಜ್ಞರು ಹೇಗೆ ಅಳೆಯುತ್ತಾರೆ, ಅದರಿಂದ ನಾವು ಕಲಿಯಬೇಕಾದುದೇನು ಎಂಬುದನ್ನು ಈ ಲೇಖನದಲ್ಲಿ ವಿವರಿಸಲು ಬಯಸುತ್ತೇವೆ.

ಕಾಯಿಲೆ ಯಾವುದು?

ನಮ್ಮ ಮೆದುಳು ಮತ್ತು ಬೆನ್ನುಹುರಿಯ ನರತಂತುಗಳ ಸುತ್ತ ಮೈಲಿನ್ ಎಂಬ ಹೊದಿಕೆ ಇದೆ. ವಿದ್ಯುತ್ ತಂತಿಯ ಮೇಲಿನ ಪ್ಲಾಸ್ಟಿಕ್ ಹೊದಿಕೆಗೆ ಇದನ್ನು ಹೋಲಿಸಬಹುದು. ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ದಾರಿ ತಪ್ಪಿ ಈ ಹೊದಿಕೆಯ ಮೇಲೆ ದಾಳಿ ಮಾಡುವುದು ಎಂ.ಎಸ್. ಹೊದಿಕೆ ಹರಿದಲ್ಲಿ ಸಂದೇಶ ನಿಧಾನವಾಗುತ್ತದೆ, ಇಲ್ಲವೇ ನಿಂತೇ ಹೋಗುತ್ತದೆ. ಒಂದು ಕಣ್ಣು ಮಂಜಾಗುವುದು, ಕಾಲು ಜೋಮು ಹಿಡಿಯುವುದು, ನಡಿಗೆ ತೂಗಾಡುವುದು, ವಿಪರೀತ ಬಳಲಿಕೆ ಇವು ಸಾಮಾನ್ಯ ಲಕ್ಷಣಗಳು. ಹೆಚ್ಚಾಗಿ 20ರಿಂದ 40ರ ವಯಸ್ಸಿನೊಳಗೆ, ಅಂದರೆ ಮನೆ ಕಟ್ಟುವ, ಮಕ್ಕಳನ್ನು ಬೆಳೆಸುವ ಪ್ರಾಯದಲ್ಲಿಯೇ ಇದು ಕಾಣಿಸಿಕೊಳ್ಳುತ್ತದೆ. ಪುರುಷರಿಗಿಂತ ಮಹಿಳೆಯರಲ್ಲಿ ಸುಮಾರು ಎರಡು ಪಟ್ಟು ಹೆಚ್ಚು. ಇದು ಅಂಟುರೋಗವಲ್ಲ, ಯಾರ ಪಾಪದ ಫಲವೂ ಅಲ್ಲ.

ಪವಿತ್ರಸಭೆಗೆ ಈ ಕಾಯಿಲೆ ಹೊಸದಲ್ಲವೇನೋ. ಹಾಲೆಂಡಿನ ಸ್ಕೀಡಾಮ್ ಪಟ್ಟಣದಲ್ಲಿ 1380ರಲ್ಲಿ ಜನಿಸಿದ ಸಂತ ಲಿಡ್ವಿನಾ ಸುಮಾರು 15ರ ಹರೆಯದಲ್ಲಿ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದವರು ಮತ್ತೆ ಪೂರ್ತಿ ಚೇತರಿಸಿಕೊಳ್ಳಲಿಲ್ಲ. 1433ರಲ್ಲಿ ನಿಧನರಾಗುವ ತನಕ ಅವರ ನಡಿಗೆ, ದೃಷ್ಟಿ, ಕೈಗಳ ಬಲ ಒಂದೊಂದಾಗಿ ಕುಂದಿದವು. ಅವರ ಜೀವನಚರಿತ್ರೆಯನ್ನು ಓದಿದ ಕೆಲವು ವೈದ್ಯರು ಇದು ಎಂ.ಎಸ್. ಇದ್ದಿರಬಹುದು ಎಂದು ಅಭಿಪ್ರಾಯಪಟ್ಟಿದ್ದಾರೆ. ಆರು ಶತಮಾನಗಳ ಬಳಿಕ ಅದನ್ನು ಖಚಿತಪಡಿಸಲು ಸಾಧ್ಯವಿಲ್ಲ. ವೈದ್ಯಶಾಸ್ತ್ರದಲ್ಲಿ ಈ ಕಾಯಿಲೆಗೆ ಸ್ಪಷ್ಟ ರೂಪ ಕೊಟ್ಟವರು ಪ್ಯಾರಿಸಿನ ನರರೋಗ ತಜ್ಞ ಜ್ಯಾನ್ ಮಾರ್ಟಿನ್ ಶಾರ್ಕೋ, 1868ರಲ್ಲಿ. ರೋಗಿಗಳ ನೆನಪಿನ ಶಕ್ತಿ ಕುಗ್ಗುವುದನ್ನೂ ಅವರು ಆಗಲೇ ಗುರುತಿಸಿದ್ದರು. ಆದರೆ ಮುಂದೆ ಬಹುಕಾಲ ವೈದ್ಯರ ಗಮನವೆಲ್ಲ ಕೈಕಾಲುಗಳ ಮೇಲೆಯೇ ಉಳಿಯಿತು.

ಇದು ತಂಪು ದೇಶಗಳ ಕಾಯಿಲೆ, ನಮ್ಮಲ್ಲಿಲ್ಲ ಎಂಬ ನಂಬಿಕೆಯೂ ಇತ್ತು. ಜಗತ್ತಿನಲ್ಲಿ ಸುಮಾರು 28 ಲಕ್ಷ ಮಂದಿಗೆ ಎಂ.ಎಸ್. ಇದೆ ಎಂದು 2020ರ ಅಂತರರಾಷ್ಟ್ರೀಯ ಲೆಕ್ಕಾಚಾರ ಹೇಳಿತು. ನಮ್ಮ ಮಂಗಳೂರು ನಗರದಲ್ಲಿಯೇ ಡಾ. ಲೇಖಾ ಪಂಡಿತ್ ಮತ್ತು ಸಹೋದ್ಯೋಗಿ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಲಕ್ಷಕ್ಕೆ ಸುಮಾರು 8 ಮಂದಿಗೆ ಈ ಕಾಯಿಲೆ ಇತ್ತು. ಯುರೋಪಿನ ಲೆಕ್ಕಕ್ಕೆ ಇದು ಬಹಳ ಕಡಿಮೆ. ಆದರೆ ನಮ್ಮ ಕರಾವಳಿಯಲ್ಲಿ ಇಲ್ಲವೇ ಇಲ್ಲ ಎಂದು ಇನ್ನು ಹೇಳುವಂತಿಲ್ಲ. ಪಕ್ಕದ ವಾಳೆಯಲ್ಲಿ ಇರಬಹುದು, ನಮ್ಮದರಲ್ಲೂ ಇರಬಹುದು.

ಕಾಲಿಗೆ ಅಳತೆ ಇದೆ, ಮನಸ್ಸಿಗೆ?

ಎಂ.ಎಸ್. ಎಷ್ಟು ತೀವ್ರವಾಗಿದೆ ಎಂದು ತಿಳಿಯಲು ವೈದ್ಯರು ಸಾಮಾನ್ಯವಾಗಿ ಇ.ಡಿ.ಎಸ್.ಎಸ್. ಎಂಬ ಅಳತೆಗೋಲನ್ನು ಬಳಸುತ್ತಾರೆ. ಅಮೆರಿಕದ ಡಾ. ಜಾನ್ ಕರ್ಟ್ಸ್‌ಕೆ 1983ರಲ್ಲಿ ಇದರ ಈಗಿನ ರೂಪವನ್ನು ಪ್ರಕಟಿಸಿದರು. ಸೊನ್ನೆಯೆಂದರೆ ತೊಂದರೆಯಿಲ್ಲ, ಹತ್ತೆಂದರೆ ಕಾಯಿಲೆಯಿಂದ ಮರಣ. ನಾಲ್ಕನ್ನು ದಾಟಿದ ಮೇಲೆ ಅಂಕ ನಿರ್ಧಾರವಾಗುವುದು ಮುಖ್ಯವಾಗಿ ರೋಗಿ ಎಷ್ಟು ದೂರ ನಡೆಯಬಲ್ಲರು, ಊರುಗೋಲು ಬೇಕೇ, ಗಾಲಿಕುರ್ಚಿ ಬೇಕೇ ಎಂಬುದರಿಂದ. ಉಪಯುಕ್ತ ಅಳತೆಯೇ ಸರಿ. ಆದರೆ ಚೆನ್ನಾಗಿ ನಡೆಯುತ್ತಾ, ಒಲೆಯ ಮೇಲಿಟ್ಟ ಹಾಲನ್ನು ಮರೆಯುವವರ ಕಷ್ಟ ಇದರಲ್ಲಿ ಬಹುಮಟ್ಟಿಗೆ ಕಾಣಿಸುವುದೇ ಇಲ್ಲ.

ಈ ಕೊರತೆಯನ್ನು ಎತ್ತಿ ತೋರಿಸಿದವರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟೀಫನ್ ರಾವ್ ಪ್ರಮುಖರು. 1991ರಲ್ಲಿ ಅವರ ತಂಡ ಆಸ್ಪತ್ರೆಯಲ್ಲಿದ್ದವರನ್ನಲ್ಲ, ಸಮುದಾಯದಲ್ಲಿ ಬದುಕುತ್ತಿದ್ದ 100 ಮಂದಿ ಎಂ.ಎಸ್. ಪೀಡಿತರನ್ನು ಪರೀಕ್ಷಿಸಿ, 100 ಮಂದಿ ಆರೋಗ್ಯವಂತರ ಜೊತೆ ಹೋಲಿಸಿತು. ಗಮನ, ನೆನಪು, ಯೋಚನೆಯ ವೇಗ ಮುಂತಾದವುಗಳಲ್ಲಿ ಶೇಕಡಾ 43ರಷ್ಟು ಮಂದಿಗೆ ತೊಂದರೆ ಇರುವುದು ಕಂಡುಬಂತು. ಅದೇ ತಂಡ ಇನ್ನೊಂದು ವಿಷಯವನ್ನೂ ಗಮನಿಸಿತು. ದೈಹಿಕ ತೊಂದರೆ ಒಂದೇ ಸಮನಾಗಿದ್ದರೂ, ಆಲೋಚನಾ ಶಕ್ತಿಗೆ ಪೆಟ್ಟು ಬಿದ್ದವರಲ್ಲಿ ಉದ್ಯೋಗದಲ್ಲಿ ಉಳಿದವರು ಕಡಿಮೆ. ಅವರು ಜನರೊಡನೆ ಬೆರೆಯುವುದೂ ಕಡಿಮೆ, ಮನೆಗೆಲಸದಲ್ಲಿ ಅವರಿಗೆ ಆಗುವ ಕಷ್ಟವೂ ಹೆಚ್ಚು.

ಅಂದರೆ ಅವರನ್ನು ಕೆಲಸದಿಂದ, ಸಂಘಸಂಸ್ಥೆಗಳಿಂದ ದೂರ ಮಾಡುವುದು ಯಾವಾಗಲೂ ಕಾಲಿನ ಬಲಹೀನತೆಯಲ್ಲ. ಹೊರಗಿನವರ ಕಣ್ಣಿಗೆ ಬೀಳದ ಕಷ್ಟವೇ ಅನೇಕರನ್ನು ಮೂಲೆಗೆ ತಳ್ಳುತ್ತದೆ.

'ಒಟ್ಟಿಗೆ' ಎಂದರೆ ಏನು?

ಹಲವು ಕೆಲಸ ಒಟ್ಟಿಗೆ ಮಾಡುವುದು ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ತಜ್ಞರು ಇದರಲ್ಲಿ ಎರಡು ಬಗೆಗಳನ್ನು ಕಾಣುತ್ತಾರೆ.

ಮೊದಲನೆಯದು, ಒಂದೇ ಕ್ಷಣದಲ್ಲಿ ಎರಡು ಕೆಲಸ. ನಡೆಯುತ್ತಾ ಮಾತನಾಡುವುದು, ಮೆಟ್ಟಿಲು ಇಳಿಯುತ್ತಾ ಕೈಯಲ್ಲಿ ತಟ್ಟೆ ಹಿಡಿಯುವುದು ಇದಕ್ಕೆ ಉದಾಹರಣೆ. ನಮ್ಮ ಹಬ್ಬದ ಮೆರವಣಿಗೆಯನ್ನೇ ನೋಡಿ. ಕೈಯಲ್ಲಿ ಉರಿಯುವ ಮೇಣದ ಬತ್ತಿ, ಬಾಯಲ್ಲಿ ಗೀತೆ, ಕಾಲಡಿಯಲ್ಲಿ ಏರುತಗ್ಗಿನ ರಸ್ತೆ, ಮುಂದಿರುವವರ ಬೆನ್ನಿಗೆ ತಾಗದಂತೆ ಅಂತರ. ಆರೋಗ್ಯವಂತರಿಗೆ ನಡಿಗೆ ತಾನಾಗಿಯೇ ಆಗುತ್ತದೆ. ಎಂ.ಎಸ್. ಇರುವವರಿಗೆ ಒಂದೊಂದು ಹೆಜ್ಜೆಗೂ ಮನಸ್ಸು ಕೊಡಬೇಕಾಗಬಹುದು. ಹಾಡಿಗೆ ಮನಸ್ಸು ಕೊಟ್ಟರೆ ಹೆಜ್ಜೆ ತಪ್ಪುತ್ತದೆ.

ಎರಡನೆಯದು, ಹಲವು ಕೆಲಸಗಳನ್ನು ಸರದಿಯಲ್ಲಿ ಬದಲಾಯಿಸುತ್ತಾ ಮುಗಿಸುವುದು. ಕೈ ಒಂದೊಂದೇ ಕೆಲಸ ಮಾಡುತ್ತದೆ, ಆದರೆ ಮನಸ್ಸು ಎಲ್ಲವನ್ನೂ ಹಿಡಿದಿಟ್ಟುಕೊಂಡಿರಬೇಕು. ಅನ್ನ ಬೇಯುವಷ್ಟರಲ್ಲಿ ಬಟ್ಟೆ ಒಣಗಿಸಿ ಬರುವುದು, ಸೊಸೈಟಿಗೆ ಹೋದಾಗ ಬ್ಯಾಂಕಿನ ಕೆಲಸವನ್ನೂ ಮುಗಿಸುವುದು, ನಾಲ್ಕು ಗಂಟೆಗೆ ಮಗುವನ್ನು ಕರೆತರಬೇಕು ಎಂಬುದನ್ನು ಮಧ್ಯೆ ನೆನಪಿಡುವುದು. ಇಲ್ಲಿ ಯಾರೂ ಗಂಟೆ ಬಾರಿಸಿ ಎಚ್ಚರಿಸುವುದಿಲ್ಲ. ಯಾವುದು ಮೊದಲು, ಯಾವುದು ನಂತರ, ಯಾವಾಗ ನಿಲ್ಲಿಸಿ ಇನ್ನೊಂದಕ್ಕೆ ಹೋಗಬೇಕು ಎಂಬುದನ್ನು ನಾವೇ ತೀರ್ಮಾನಿಸಬೇಕು. ತಪ್ಪಿದ್ದು ಕೂಡಲೇ ತಿಳಿಯುವುದಿಲ್ಲ, ಹಾಲು ಉಕ್ಕಿದ ಮೇಲೆಯೇ ತಿಳಿಯುತ್ತದೆ.

ನೆನಪು, ಲೆಕ್ಕ, ಮಾತು ಇವೆಲ್ಲ ಚೆನ್ನಾಗಿರುವವರಿಗೂ ಈ ಎರಡನೆಯ ಬಗೆಯ ಕೆಲಸ ಕೈಕೊಡಬಹುದು ಎಂಬುದೇ ಈ ಲೇಖನದ ಮುಖ್ಯ ಸಂಗತಿ.

ಶಾಂತ ಕೋಣೆಯ ಪರೀಕ್ಷೆಗಳು

ತಜ್ಞರ ಬಳಿ ಹೋದಾಗ ಮೊದಲು ನಡೆಯುವುದು ಮೇಜಿನ ಮುಂದಿನ ಪರೀಕ್ಷೆ. ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎಸ್.ಡಿ.ಎಂ.ಟಿ. ಅಮೆರಿಕದ ಏರನ್ ಸ್ಮಿತ್ ಇದನ್ನು 1973ರಲ್ಲಿ ಪ್ರಕಟಿಸಿದರು. ಹಾಳೆಯ ಮೇಲ್ಭಾಗದಲ್ಲಿ ಒಂಬತ್ತು ಚಿಹ್ನೆಗಳು, ಪ್ರತಿಯೊಂದಕ್ಕೂ ಒಂದು ಅಂಕಿ. ಕೆಳಗೆ ಬರೇ ಚಿಹ್ನೆಗಳ ಸಾಲುಗಳು. 90 ಸೆಕೆಂಡುಗಳಲ್ಲಿ ಎಷ್ಟು ಚಿಹ್ನೆಗಳಿಗೆ ಸರಿಯಾದ ಅಂಕಿ ಹೇಳುತ್ತಾರೆ ಎಂದು ಎಣಿಸುತ್ತಾರೆ. ಬಾಯಿಯಲ್ಲೇ ಉತ್ತರಿಸಬಹುದಾದ್ದರಿಂದ ಕೈ ನಡುಕವಿದ್ದರೂ ತೊಂದರೆಯಿಲ್ಲ. ಇದು ಯೋಚನೆಯ ವೇಗವನ್ನು ಅಳೆಯುತ್ತದೆ. ಎಂ.ಎಸ್. ಪೀಡಿತರಲ್ಲಿ ಹೆಚ್ಚಾಗಿ ಮೊದಲು ಕುಗ್ಗುವುದು ಈ ವೇಗವೇ. ವರ್ಷಕ್ಕೊಮ್ಮೆಯಾದರೂ ಇಂತಹ ಪರೀಕ್ಷೆ ನಡೆಸಬೇಕೆಂದು ಅಮೆರಿಕದ ತಜ್ಞರು 2018ರಲ್ಲಿ ಶಿಫಾರಸು ಮಾಡಿದ್ದಾರೆ.

ಇನ್ನೊಂದು ಪರೀಕ್ಷೆ ಪಾಸಾಟ್. ಮೂರು ಸೆಕೆಂಡಿಗೊಂದರಂತೆ ಅಂಕಿಗಳನ್ನು ಕೇಳಿಸುತ್ತಾರೆ. ಪ್ರತಿ ಅಂಕಿಯನ್ನು ಅದರ ಹಿಂದಿನ ಅಂಕಿಗೆ ಕೂಡಿಸಿ ಹೇಳಬೇಕು. ಉದಾಹರಣೆಗೆ 3, ನಂತರ 5 ಕೇಳಿಸಿದರೆ ಉತ್ತರ 8. ಮುಂದೆ 2 ಕೇಳಿಸಿದರೆ ಉತ್ತರ 10 ಅಲ್ಲ, 7. ಏಕೆಂದರೆ ಕೂಡಿಸಬೇಕಾದುದು ಕೇಳಿದ 5ಕ್ಕೆ, ತಾವು ಹೇಳಿದ 8ಕ್ಕಲ್ಲ. ಓದುಗರು ಮನೆಯವರಿಂದ ಅಂಕಿಗಳನ್ನು ಹೇಳಿಸಿ ಒಮ್ಮೆ ಪ್ರಯತ್ನಿಸಬಹುದು. ಕೇಳುವುದು, ನೆನಪಿಡುವುದು, ಕೂಡಿಸುವುದು, ತನ್ನದೇ ಉತ್ತರವನ್ನು ಮರೆಯುವುದು ಎಲ್ಲವೂ ಒಟ್ಟಿಗೆ ನಡೆಯಬೇಕು. ಆರೋಗ್ಯವಂತರೂ ಬೆವರುತ್ತಾರೆ.

ನಮ್ಮ ರಾಜ್ಯದ ಕೊಡುಗೆಯೂ ಇದೆ. ಬೆಂಗಳೂರಿನ ನಿಮ್ಹಾನ್ಸ್ 2004ರಲ್ಲಿ ಪ್ರಕಟಿಸಿದ ಪರೀಕ್ಷಾ ಮಾಲೆಯಲ್ಲಿ ಹಂಚಿಹೋದ ಗಮನವನ್ನು ಅಳೆಯುವ ಪರೀಕ್ಷೆಯೊಂದಿದೆ. ಮೂರು ಪದಗಳಲ್ಲಿ ಗುಂಪಿಗೆ ಸೇರದ ಪದವನ್ನು ಹೇಳಬೇಕು. ಅದೇ ಹೊತ್ತಿಗೆ ಕೈಯ ಮೇಲೆ ಬರೆದ ಅಂಕಿಯನ್ನು ಸ್ಪರ್ಶದಿಂದಲೇ ಗುರುತಿಸಬೇಕು. ಇದು ಎಂ.ಎಸ್.ಗಾಗಿಯೇ ಮಾಡಿದ್ದಲ್ಲ, ಮೆದುಳಿನ ಯಾವುದೇ ತೊಂದರೆಗೆ ಬಳಸುವಂತಹದು.

ಈ ಪರೀಕ್ಷೆಗಳೆಲ್ಲ ಬಹಳ ಉಪಯುಕ್ತ. ಆದರೆ ಕೋಣೆ ಶಾಂತವಾಗಿರುತ್ತದೆ, ಫೋನ್ ಬರುವುದಿಲ್ಲ, ಮಗು ಅಳುವುದಿಲ್ಲ. ಈಗ ಶುರು ಮಾಡಿ, ಈಗ ನಿಲ್ಲಿಸಿ ಎಂದು ಹೇಳಲು ಪರೀಕ್ಷಕರು ಎದುರಿಗೇ ಇರುತ್ತಾರೆ. ಜೀವನದಲ್ಲಿ ಹಾಗೆ ಹೇಳುವವರು ಯಾರೂ ಇಲ್ಲ.

ನಡೆಯುತ್ತಾ ಮಾತನಾಡಿಸುವುದು

ಆದ್ದರಿಂದ ತಜ್ಞರು ರೋಗಿಯನ್ನು ಮೇಜಿನಿಂದ ಎಬ್ಬಿಸಿ ನಡೆಸಿ ನೋಡತೊಡಗಿದರು. ಮೊದಲು ಸುಮ್ಮನೆ ನಡೆಯಲು ಹೇಳಿ ಸಮಯ ಅಳೆಯುತ್ತಾರೆ. ನಂತರ 100ರಿಂದ ಏಳೇಳು ಕಳೆಯುತ್ತಾ, ಅಥವಾ ಒಂದೇ ಅಕ್ಷರದಿಂದ ಆರಂಭವಾಗುವ ಪದಗಳನ್ನು ಹೇಳುತ್ತಾ ನಡೆಯಲು ಹೇಳುತ್ತಾರೆ. ಸುಮ್ಮನೆ ನಡೆದಾಗ 10 ಸೆಕೆಂಡು ಹಿಡಿದ ದೂರಕ್ಕೆ ಲೆಕ್ಕ ಮಾಡುತ್ತಾ ನಡೆದಾಗ 13 ಸೆಕೆಂಡು ಹಿಡಿದರೆ, ಎರಡನೆಯ ಕೆಲಸಕ್ಕೆ ತೆತ್ತ ಬೆಲೆ ಶೇಕಡಾ 30 ಎಂದರ್ಥ. ಈ ಬೆಲೆ ಎಲ್ಲರಿಗೂ ಸ್ವಲ್ಪ ಇದ್ದೇ ಇದೆ. ಎಂ.ಎಸ್. ಇರುವವರ ನಡಿಗೆ ಇನ್ನಷ್ಟು ನಿಧಾನವಾಗುವುದನ್ನು 2009ರಿಂದೀಚೆಗಿನ ಹಲವು ಅಧ್ಯಯನಗಳು ತೋರಿಸಿವೆ.

ಇದು ಬರೇ ಲೆಕ್ಕದ ಮಾತಲ್ಲ. ರಸ್ತೆ ದಾಟುವಾಗ ಫೋನಿನಲ್ಲಿ ಮಾತು, ಚರ್ಚಿನ ಮೆಟ್ಟಿಲು ಇಳಿಯುವಾಗ ಹಿಂದಿನಿಂದ ಯಾರೋ ಕರೆದು ಕ್ಷೇಮ ಸಮಾಚಾರ ಕೇಳುವುದು, ಇಂತಹ ಹೊತ್ತಿನಲ್ಲೇ ಬೀಳುವ ಅಪಾಯ ಹೆಚ್ಚು.

ಪೇಟೆಯೇ ಪರೀಕ್ಷಾ ಕೋಣೆ

ಎರಡನೆಯ ಬಗೆಯ ಕೆಲಸ, ಅಂದರೆ ಹಲವನ್ನು ನೆನಪಿಟ್ಟು ಸರದಿಯಲ್ಲಿ ಮುಗಿಸುವುದು, ಅಳತೆಗೆ ಸಿಕ್ಕಿದ್ದು ಲಂಡನ್ನಿನಲ್ಲಿ. ಟಿಮ್ ಶಾಲಿಸ್ ಮತ್ತು ಪಾಲ್ ಬರ್ಜೆಸ್ ಎಂಬ ಮನಶ್ಶಾಸ್ತ್ರಜ್ಞರು 1991ರಲ್ಲಿ ಇದನ್ನು ಪ್ರಕಟಿಸಿದರು. ಅವರು ನೋಡಿದ ಮೂವರು ಎಂ.ಎಸ್. ಪೀಡಿತರಲ್ಲ, ತಲೆಗೆ ಪೆಟ್ಟು ಬಿದ್ದು ಮೆದುಳಿನ ಮುಂಭಾಗಕ್ಕೆ ಹಾನಿಯಾದವರು. ಬುದ್ಧಿಮತ್ತೆಯ ಪರೀಕ್ಷೆಯಲ್ಲಿ ಅವರಿಗೆ ಒಳ್ಳೆಯ ಅಂಕ ಬರುತ್ತಿತ್ತು. ಆದರೆ ದಿನನಿತ್ಯದ ಬದುಕು ಅಸ್ತವ್ಯಸ್ತವಾಗಿತ್ತು. ಏಕೆ ಎಂದು ತಿಳಿಯಲು ತಜ್ಞರು ಅವರನ್ನು ಅಂಗಡಿ ಬೀದಿಗೆ ಕರೆದೊಯ್ದರು.

ಕೈಗೊಂದು ಚೀಟಿ ಕೊಟ್ಟರು. ಬ್ರೆಡ್ಡಿನಂತಹ ಕೆಲವು ಸಣ್ಣ ವಸ್ತುಗಳನ್ನು ಕೊಳ್ಳಬೇಕು. ಆರಂಭಿಸಿದ 15 ನಿಮಿಷದ ನಂತರ ನಿಗದಿತ ಸ್ಥಳದಲ್ಲಿರಬೇಕು. ಟೊಮೆಟೊದ ಬೆಲೆಯಂತಹ ಕೆಲವು ಮಾಹಿತಿಗಳನ್ನು ಕಲೆಹಾಕಿ ಬರೆಯಬೇಕು. ಜೊತೆಗೆ ನಿಯಮಗಳು: ಆದಷ್ಟು ಕಡಿಮೆ ಹಣ ಖರ್ಚು ಮಾಡಬೇಕು, ಏನನ್ನೂ ಕೊಳ್ಳದಿದ್ದರೆ ಅಂಗಡಿಯೊಳಗೆ ಹೋಗಬಾರದು, ಇತ್ಯಾದಿ. ಪರೀಕ್ಷಕರು ದೂರದಿಂದ ಹಿಂಬಾಲಿಸಿ ಎಲ್ಲವನ್ನೂ ಗುರುತು ಹಾಕಿಕೊಂಡರು. ಒಂದೊಂದು ಕೆಲಸವೂ ಮಕ್ಕಳಿಗೂ ಆಗುವಷ್ಟು ಸುಲಭ. ಆದರೆ ಎಲ್ಲವನ್ನೂ ಸೇರಿಸಿದಾಗ ಆ ಮೂವರು ಎಡವಿದರು: ಕೆಲವನ್ನು ಮರೆತರು, ನಿಯಮ ಮುರಿದರು, ಮಾಡಿದ್ದನ್ನು ಅಡ್ಡಾದಿಡ್ಡಿಯಾಗಿ ಮಾಡಿದರು.

'ಹಲವು ಕೆಲಸಗಳ ಪರೀಕ್ಷೆ' ಎಂದು ನಾವಿದನ್ನು ಕನ್ನಡದಲ್ಲಿ ಕರೆಯಬಹುದು. 2002ರಲ್ಲಿ ಆಸ್ಪತ್ರೆಯ ಆವರಣದೊಳಗೇ ನಡೆಸಬಹುದಾದ ರೂಪ ಬಂತು. ಈಗ ಕಂಪ್ಯೂಟರಿನ ಪರದೆಯ ಮೇಲೆ ಅಂಗಡಿ, ಕಟ್ಟಡಗಳನ್ನು ತೋರಿಸಿ ನಡೆಸುವ ರೂಪಗಳೂ ಇವೆ. ಎಂ.ಎಸ್. ಪೀಡಿತರಿಗೆ ಇದು ಮುಖ್ಯವಾಗುವುದು ಒಂದು ಕಾರಣಕ್ಕೆ. ಚಿಹ್ನೆ, ಅಂಕಿಗಳ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಮನೆಗೆ ಬಂದು "ನನಗೇನೂ ಆಗುತ್ತಿಲ್ಲ" ಎಂದು ಅಳುವವರು ಸುಳ್ಳು ಹೇಳುತ್ತಿಲ್ಲ ಎಂಬುದನ್ನು ಇಂತಹ ಪರೀಕ್ಷೆ ತೋರಿಸಿಕೊಡಬಲ್ಲದು.

ಅಡುಗೆಮನೆ, ಮಾತ್ರೆ ಡಬ್ಬ, ಟಿಕೆಟು

ಅಮೆರಿಕದ ಕ್ಯಾರೊಲಿನ್ ಬಾಮ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಇನ್ನೊಂದು ಪರೀಕ್ಷೆಯಲ್ಲಿ ನಾಲ್ಕೇ ಕೆಲಸ: ಓಟ್ಸ್ ಗಂಜಿ ಬೇಯಿಸುವುದು, ಫೋನ್ ಮಾಡುವುದು, ಮಾತ್ರೆ ತೆಗೆದುಕೊಳ್ಳುವುದು, ಬಿಲ್ ಕಟ್ಟುವುದು. ನಮಗೆ ಬಹಳ ಹಿಡಿಸಿದ್ದು ಇದರ ಅಂಕ ಹಾಕುವ ಕ್ರಮ. ಮಾಡಿದರೋ ಇಲ್ಲವೋ ಎಂದಷ್ಟೇ ಇಲ್ಲಿ ನೋಡುವುದಿಲ್ಲ, ಎಷ್ಟು ಸಹಾಯ ಬೇಕಾಯಿತು ಎಂದು ನೋಡುತ್ತಾರೆ. ಸಹಾಯವೇ ಬೇಡವಾಯಿತೇ? ಮುಂದೇನು ಎಂದು ನೆನಪಿಸಿದರೆ ಸಾಕಾಯಿತೇ? ಕೈಸನ್ನೆ ಬೇಕಾಯಿತೇ? ನೇರವಾಗಿ ಹೇಳಬೇಕಾಯಿತೇ? ಕೈ ಹಿಡಿದು ಮಾಡಿಸಬೇಕಾಯಿತೇ? ಅಥವಾ ಪರೀಕ್ಷಕರೇ ಮಾಡಬೇಕಾಯಿತೇ? ಇದರಿಂದ ರೋಗಿಗೆ ಎಷ್ಟು ಆಸರೆ ಕೊಟ್ಟರೆ ಸಾಕು ಎಂಬುದು ಮನೆಯವರಿಗೆ ತಿಳಿಯುತ್ತದೆ.

ನ್ಯೂಜೆರ್ಸಿಯ ಕೆಸ್ಲರ್ ಸಂಸ್ಥೆಯ ಸಂಶೋಧಕರು ಎಂ.ಎಸ್. ಪೀಡಿತರನ್ನೇ ಮುಂದಿಟ್ಟುಕೊಂಡು 2010ರಲ್ಲಿ ಇನ್ನೊಂದು ವಿಧಾನವನ್ನು ಪ್ರಕಟಿಸಿದರು. ನಿಜವಾದ ಅಂತರ್ಜಾಲದಲ್ಲಿ ವಿಮಾನದ ಟಿಕೆಟ್ ಖರೀದಿಸುವುದೇ ಪರೀಕ್ಷೆ. ದಿನಾಂಕ, ಬೆಲೆ, ಹೊರಡುವ ಹೊತ್ತು ಎಲ್ಲವನ್ನೂ ಹೊಂದಿಸಬೇಕು. ಆರೋಗ್ಯವಂತರಿಗೆ ಹೋಲಿಸಿದರೆ ಎಂ.ಎಸ್. ಇರುವವರಿಗೆ ಇದು ಹೆಚ್ಚು ಕಷ್ಟವಾಯಿತು.

ಹಾಗೆಂದು ಈ ಪರೀಕ್ಷೆಗಳನ್ನು ಇದ್ದಕ್ಕಿದ್ದಂತೆ ನಮ್ಮಲ್ಲಿಗೆ ತಂದರೆ ತಪ್ಪಾದೀತು. ಜೀವಮಾನದಲ್ಲಿ ಓಟ್ಸ್ ಬೇಯಿಸದ, ಕಂಪ್ಯೂಟರಿನಲ್ಲಿ ಟಿಕೆಟ್ ತೆಗೆಯದ ಹಳ್ಳಿಯ ತಾಯಿ ಇದರಲ್ಲಿ ಎಡವಿದರೆ ಅದಕ್ಕೆ ಕಾಯಿಲೆ ಕಾರಣವಲ್ಲ. ಅವರು ಕುಚ್ಚಲಕ್ಕಿ ಗಂಜಿ ಮತ್ತು ಮೀನು ಸಾರನ್ನು ಒಟ್ಟಿಗೆ ಮಾಡುವುದನ್ನು ನೋಡಬೇಕು. ಅವರನ್ನು ಬೇರೆಯವರ ಜೊತೆಗಲ್ಲ, ಕಾಯಿಲೆ ಬರುವ ಮೊದಲಿನ ಅವರ ಜೊತೆಗೇ ಹೋಲಿಸಬೇಕು. ರೋಗಿಯ ಭಾಷೆ, ಓದು, ಬದುಕಿದ ರೀತಿ ಇವನ್ನು ವಿಚಾರಿಸಿಕೊಂಡೇ ಒಳ್ಳೆಯ ತಜ್ಞರು ಪರೀಕ್ಷೆ ನಡೆಸುತ್ತಾರೆ.

ಅಳತೆ ತಪ್ಪಲು ಕಾರಣಗಳು

ಒಂದು ದಿನದ ಪರೀಕ್ಷೆಯಿಂದ ಎಲ್ಲವನ್ನೂ ತೀರ್ಮಾನಿಸುವಂತಿಲ್ಲ. ಎಂ.ಎಸ್.ನ ಬಳಲಿಕೆ ಸಾಮಾನ್ಯ ದಣಿವಲ್ಲ. ಬೆಳಿಗ್ಗೆ ಮಾಡಿದ ಕೆಲಸವನ್ನೇ ಸಂಜೆ ಮಾಡಲು ಆಗದಿರಬಹುದು. ಸೆಕೆಯೂ ಒಂದು ಕಾರಣ. ಮೈ ಬಿಸಿಯೇರಿದಾಗ ಲಕ್ಷಣಗಳು ತಾತ್ಕಾಲಿಕವಾಗಿ ಹೆಚ್ಚುವುದನ್ನು ಜರ್ಮನಿಯ ವಿಲ್ಹೆಲ್ಮ್ ಊಟ್‌ಹೋಫ್ 1890ರಲ್ಲಿಯೇ ವಿವರಿಸಿದ್ದರು. ಮೈ ತಣಿದಾಗ ಇದು ಕಡಿಮೆಯಾಗುತ್ತದೆ. ನಮ್ಮ ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ, ಜನ ತುಂಬಿದ ದೇವಾಲಯದಲ್ಲಿ, ಅಡುಗೆಯ ಒಲೆಯ ಮುಂದೆ ಇದು ಎಷ್ಟು ಕಷ್ಟ ಕೊಡಬಹುದು ಎಂಬುದನ್ನು ಹೇಳಬೇಕಾಗಿಲ್ಲ. ಇದಲ್ಲದೆ ಖಿನ್ನತೆ, ನಿದ್ರೆಯಿಲ್ಲದಿರುವುದು, ಕೆಲವು ಔಷಧಗಳು, ಥೈರಾಯಿಡ್ ತೊಂದರೆ, ಬಿ12 ಜೀವಸತ್ವದ ಕೊರತೆ ಇವೂ ಗಮನವನ್ನು ಕುಗ್ಗಿಸುತ್ತವೆ. ಇವುಗಳಿಗೆ ಚಿಕಿತ್ಸೆ ಇದೆ. ಆದ್ದರಿಂದ ಎಲ್ಲವನ್ನೂ ಎಂ.ಎಸ್. ತಲೆಗೆ ಕಟ್ಟುವ ಮೊದಲು ವೈದ್ಯರು ಇವನ್ನು ನೋಡಬೇಕು.

ಮನೆಯವರ ಮಾತಿಗೂ ಇಲ್ಲಿ ಬೆಲೆ ಇದೆ. 15 ಪ್ರಶ್ನೆಗಳ ಎಂ.ಎಸ್.ಎನ್.ಕ್ಯೂ. ಎಂಬ ಪಟ್ಟಿಯನ್ನು 2003ರಲ್ಲಿ ಪ್ರಕಟಿಸಲಾಯಿತು. ಇದರ ಒಂದು ಪ್ರತಿಯನ್ನು ರೋಗಿ ತುಂಬುತ್ತಾರೆ, ಇನ್ನೊಂದನ್ನು ಅವರನ್ನು ಹತ್ತಿರದಿಂದ ಬಲ್ಲವರು. ಮನಸ್ಸು ಕುಗ್ಗಿದ ರೋಗಿಗೆ ತನ್ನ ಕಷ್ಟ ಇದ್ದುದಕ್ಕಿಂತ ದೊಡ್ಡದಾಗಿ ಕಾಣಬಹುದು. ಇನ್ನು ಕೆಲವರಿಗೆ ತಮ್ಮ ಮರೆವು ತಮಗೇ ಗೊತ್ತಿರುವುದಿಲ್ಲ. ಎರಡೂ ಪ್ರತಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ವೈದ್ಯರಿಗೆ ಸತ್ಯ ಹತ್ತಿರವಾಗುತ್ತದೆ.

ನಾವು ಮಾಡಬಹುದಾದುದು

ಪರೀಕ್ಷೆ ನಡೆಸುವುದು ತಜ್ಞರ ಕೆಲಸ. ನರರೋಗ ತಜ್ಞರು, ಕ್ಲಿನಿಕಲ್ ಸೈಕಾಲಜಿಸ್ಟ್, ಆಕ್ಯುಪೇಷನಲ್ ಥೆರಪಿಸ್ಟ್ ಇದಕ್ಕೆ ತರಬೇತಿ ಪಡೆದವರು. ಮನೆಯಲ್ಲಿ, ವಾಳೆಯಲ್ಲಿ ಯಾರೂ ರೋಗಿಯನ್ನು 'ಪರೀಕ್ಷೆ' ಮಾಡಲು ಹೋಗಬಾರದು. ಆದರೆ ನಾವು ಇಷ್ಟನ್ನು ಮಾಡಬಹುದು:

1. ಒಂದು ನೋಟ್ ಪುಸ್ತಕ ಇಡಿ. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಕೆಲಸಗಳ ಮಧ್ಯೆ ಏನು ತಪ್ಪಿತು, ಸೆಕೆ ಇತ್ತೇ, ನಿದ್ರೆ ಆಗಿತ್ತೇ ಎಂದು ಎರಡು ಸಾಲು ಬರೆಯಿರಿ. ರೋಗಿಗೆ ತಿಳಿದೇ, ಅವರ ಒಪ್ಪಿಗೆಯಿಂದಲೇ ಬರೆಯಿರಿ. ವೈದ್ಯರ ಭೇಟಿಯ ಹತ್ತು ನಿಮಿಷದಲ್ಲಿ ಇದು ಬಹಳ ಉಪಕಾರಿ.

2. ಕೆಲಸಗಳನ್ನು ಬೇರ್ಪಡಿಸಿ. ಒಲೆಯಲ್ಲಿ ಏನಾದರೂ ಇರುವಾಗ ಫೋನ್ ಬೇರೆಯವರು ಎತ್ತಲಿ. ಮಾತ್ರೆಗಳಿಗೆ ವಾರದ ದಿನಗಳಿರುವ ಡಬ್ಬ, ಸಮಯಕ್ಕೆ ಮೊಬೈಲಿನ ಅಲಾರಂ, ಗೋಡೆಯ ಮೇಲೆ ದೊಡ್ಡ ಅಕ್ಷರದ ಪಟ್ಟಿ ಇರಲಿ.

3. ನಡೆಯುವಾಗ ಮಾತನಾಡಿಸಬೇಡಿ. ಪರಮಪ್ರಸಾದದ ಸಾಲಿನಲ್ಲಿ, ಮೆಟ್ಟಿಲಲ್ಲಿ ಸುಮ್ಮನೆ ತೋಳು ಕೊಡಿ. ಮಾತು ಕುಳಿತ ಮೇಲೆ ಆಗಲಿ. ದೇವಾಲಯದಲ್ಲಿ ಫ್ಯಾನಿನ ಕೆಳಗೆ, ಬಾಗಿಲಿನ ಹತ್ತಿರ ಒಂದು ಸ್ಥಳ ಕಾದಿರಿಸಿ.

4. ಸೇವೆಯಿಂದ ಹೊರಗಿಡಬೇಡಿ, ಸೇವೆಯ ರೂಪ ಬದಲಾಯಿಸಿ. ಧರ್ಮೋಪದೇಶದ ತರಗತಿಯಲ್ಲಿ ಮೂವತ್ತು ಮಕ್ಕಳ ಗಲಾಟೆ, ಹಾಜರಿ, ಹಾಡು ಎಲ್ಲ ಒಬ್ಬರ ಮೇಲೆ ಬಿದ್ದರೆ ಅವರಿಗೆ ಆಗದು. ಇಬ್ಬರು ಮಕ್ಕಳಿಗೆ ಪ್ರಥಮ ಪರಮಪ್ರಸಾದದ ಸಿದ್ಧತೆ ಕೊಡುವುದು ಅವರಿಗೆ ಚೆನ್ನಾಗಿಯೇ ಆಗಬಹುದು.

5. ಎಲ್ಲ ಕೆಲಸವನ್ನೂ ಕಸಿದುಕೊಳ್ಳಬೇಡಿ. ನೆನಪಿಸಿದರೆ ಸಾಕಾಗುವಲ್ಲಿ ಕೈ ಹಾಕಬೇಡಿ. ಮಾಡಬಲ್ಲವರ ಕೈಯಿಂದ ಕೆಲಸ ತೆಗೆದರೆ ಅವರ ಗೌರವವನ್ನೂ ತೆಗೆದಂತೆ.

6. ಹೊಸ ತೊಂದರೆ ಕಾಣಿಸಿಕೊಂಡು ಒಂದು ದಿನ ಕಳೆದರೂ ಇಳಿಯದಿದ್ದರೆ, ಅಥವಾ ಜ್ವರದ ಜೊತೆ ಎಲ್ಲವೂ ಹೆಚ್ಚಾದರೆ, ತಡಮಾಡದೆ ನರರೋಗ ತಜ್ಞರನ್ನು ಕಾಣಿರಿ.

ಇಲ್ಲಿ ಕಾನೂನಿನ ಆಸರೆಯೂ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ 21 ವಿಧದ ಅಂಗವೈಕಲ್ಯಗಳ ಪಟ್ಟಿಯಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಹೆಸರು ಸೇರಿದೆ. ಪ್ರಮಾಣಪತ್ರ, ಯು.ಡಿ.ಐ.ಡಿ. ಕಾರ್ಡಿಗೆ ಅರ್ಜಿ ಹಾಕಲು ಓಡಾಟ, ಕಾಗದಪತ್ರ, ಕಾಯುವಿಕೆ ಎಲ್ಲ ಇದೆ. ಅದೇ ಒಂದು 'ಹಲವು ಕೆಲಸಗಳ ಪರೀಕ್ಷೆ'. ನಮ್ಮ ಯುವಜನರು, ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆಯ ಸದಸ್ಯರು ಆ ಭಾರವನ್ನು ಹೊರಬಹುದು. 1985ರಿಂದ ಕೆಲಸ ಮಾಡುತ್ತಾ ಬಂದಿರುವ ಮಲ್ಟಿಪಲ್ ಸ್ಕ್ಲೆರೋಸಿಸ್ ಸೊಸೈಟಿ ಆಫ್ ಇಂಡಿಯಾ ಕೂಡ ರೋಗಿಗಳ ಕುಟುಂಬಗಳ ಜೊತೆಗಿದೆ.

ಕೊನೆಯದಾಗಿ

ಸಂತ ಲೂಕನ ಶುಭಸಂದೇಶದ ಹತ್ತನೆಯ ಅಧ್ಯಾಯದಲ್ಲಿ ಮಾರ್ತಾಳ ಮನೆಯ ಪ್ರಸಂಗವಿದೆ. ಹಲವು ಕೆಲಸಗಳ ಮಧ್ಯೆ ಸಿಕ್ಕಿಕೊಂಡ ಮಾರ್ತಾ, ತನಗೆ ಯಾರೂ ನೆರವಾಗುತ್ತಿಲ್ಲ ಎಂದು ದೂರುತ್ತಾಳೆ. ಈ ಭಾಗವನ್ನು ನಾವು ಪ್ರಾರ್ಥನೆಯ ಮಹತ್ವ ಹೇಳಲು ಬಳಸುತ್ತೇವೆ, ಅದು ಸರಿಯೇ. ಆದರೆ ಯೇಸುಸ್ವಾಮಿ ಆಕೆಯನ್ನು ಸೋಮಾರಿ ಎನ್ನಲಿಲ್ಲ, ಗಮನವಿಲ್ಲದವಳು ಎಂದೂ ಗದರಲಿಲ್ಲ. ಆಕೆಯ ಹೆಸರನ್ನು ಎರಡು ಬಾರಿ ಕರೆದು, ಆಕೆಯ ಮನಸ್ಸಿನ ಮೇಲಿನ ಹೊರೆಯನ್ನು ಮೊದಲು ಗುರುತಿಸಿದರು.

ಧರ್ಮಗುರುಗಳಾದ ನಾವೂ ಈ ವಿಷಯದಲ್ಲಿ ತಪ್ಪಿದವರೇ. ಪಟ್ಟಿ ತಡವಾಗಿ ಕೊಟ್ಟವರನ್ನು, ಸಭೆ ಮರೆತವರನ್ನು, ಒಪ್ಪಿಕೊಂಡ ಕೆಲಸ ಅರ್ಧಕ್ಕೆ ಬಿಟ್ಟವರನ್ನು ಕಾರಣ ಕೇಳದೆ ಬೇಜವಾಬ್ದಾರರೆಂದು ತೀರ್ಮಾನಿಸಿದ್ದುಂಟು. ತಜ್ಞರು ಒಬ್ಬರ ಕಷ್ಟವನ್ನು ಅರಿಯಲು ಅಂಗಡಿ ಬೀದಿಯವರೆಗೆ ಅವರ ಹಿಂದೆ ನಡೆದರು. ನಾವು ನಮ್ಮ ವಾಳೆಯ ಒಂದು ಅಡುಗೆಮನೆಯವರೆಗೆ ಹೋಗಿ, ಕುಳಿತು, "ಯಾವ ಹೊತ್ತಿಗೆ ನಿಮಗೆ ಹೆಚ್ಚು ಕಷ್ಟವಾಗುತ್ತದೆ?" ಎಂದು ಕೇಳಬಹುದಲ್ಲವೇ?

ಸಂತ ಲಿಡ್ವಿನಾ ನಮ್ಮೆಲ್ಲ ರೋಗಿಗಳಿಗಾಗಿ, ಅವರನ್ನು ನೋಡಿಕೊಳ್ಳುವವರಿಗಾಗಿ ಪ್ರಾರ್ಥಿಸಲಿ. ದೇವರು ನಿಮ್ಮನ್ನು ಆಶೀರ್ವದಿಸಲಿ.